ತಮ್ಮನ ಕಾರಿನ ಟೈಮಿಂಗ್

"ಗುರುಗಳೇ, ಪ್ರೀತಿಯವರು ಏನಾದರೂ ಕೇಳಿದರೆ ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. ಅದು ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ರೇಸಿನ ಕಾರುಗಳ ಎಂಜಿನ್ ಹದಗೊಳಿಸುವುದು ಅವನ ಕಸುಬು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿಗೆ ಎಷ್ಟು ಗಾಳಿ ಸೇರಬೇಕು, ಎಂಜಿನ್ನಿನೊಳಗೆ ಕಿಡಿ ಯಾವ ಕ್ಷಣದಲ್ಲಿ ಹಾರಬೇಕು ಎಂಬುದನ್ನು ಸದ್ದಿಗೆ ಕಿವಿಗೊಟ್ಟೇ ಹೊಂದಿಸುತ್ತಿದ್ದ. ಅವನ ತಮ್ಮ ರೇಸಿನಲ್ಲಿ ಕಾರು ಓಡಿಸುತ್ತಿದ್ದ. ತಾಯಿ ತೀರಿಕೊಂಡ ಮೇಲೆ ಆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವನು ಅಣ್ಣನೇ.

ಎಷ್ಟು ಓಡಿಸಿದರೂ ತಮ್ಮನಿಗೆ ಮೊದಲ ಸ್ಥಾನ ಸಿಕ್ಕಿರಲಿಲ್ಲ. ದೊಡ್ಡ ರೇಸಿನ ಬೆಳಿಗ್ಗೆ ಅವನು ಬಂದು, "ಟೈಮಿಂಗ್ ಇನ್ನೊಂದು ಚೂರು ಅಡ್ವಾನ್ಸ್ ಮಾಡಣ್ಣ. ಕಿಡಿ ಬೇಗ ಹಾರಲಿ. ಅಷ್ಟಾದರೆ ಗೆದ್ದುಬಿಡುತ್ತೇನೆ" ಎಂದ.

"ಬೇಡಪ್ಪ. ಅಷ್ಟು ಬೇಗ ಹಾರಿದರೆ ಮೇಲೇರುತ್ತಿರುವ ಪಿಸ್ಟನ್ನಿಗೆ ಏಟು ಬೀಳುತ್ತದೆ. ಎಂಜಿನ್ ತಡೆಯುವುದಿಲ್ಲ."

"ನಾನು ಗೆಲ್ಲುವುದು ನಿನಗೇ ಬೇಡವಾದರೆ ಇನ್ನು ಯಾರಿಗೆ ಬೇಕು?" ಎಂದು ತಮ್ಮ ಮುಖ ತಿರುಗಿಸಿದ.

ಅಣ್ಣನಿಗೆ ಆ ಮುಖ ನೋಡಲಾಗಲಿಲ್ಲ. ಬಾನೆಟ್ ಎತ್ತಿ, ಕಿಡಿಯ ಹೊತ್ತು ಹೊಂದಿಸುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿದ. ತಮ್ಮ ನಕ್ಕು ಕಾರು ಹತ್ತಿದ.

ರೇಸಿನಲ್ಲಿ ತಮ್ಮ ಎಲ್ಲರಿಗಿಂತ ಮುಂದಿದ್ದ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಕಾರು ಹಾದುಹೋದಾಗ, ಬೇಲಿಯ ಪಕ್ಕ ನಿಂತಿದ್ದ ಅಣ್ಣನಿಗೆ ಮಾತ್ರ ಎಂಜಿನ್ನಿನಿಂದ ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಸದ್ದು ಕೇಳಿಸಿತು. ನಿಲ್ಲಿಸು ಎಂದು ಎರಡೂ ಕೈ ಬೀಸಿದ. ಅಣ್ಣ ಹುರಿದುಂಬಿಸುತ್ತಿದ್ದಾನೆಂದುಕೊಂಡು ತಮ್ಮನೂ ಕೈ ಎತ್ತಿದ. ಮುಂದಿನ ತಿರುವಿನಲ್ಲಿ ಎಂಜಿನ್ ಕಚ್ಚಿಕೊಂಡು ನಿಂತುಬಿಟ್ಟಿತು. ಚಕ್ರಗಳು ಬಿಗಿದು ಕಾರು ಗೋಡೆಗೆ ಬಡಿಯಿತು.

ತಮ್ಮ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನೆಂಟರು, "ಅವನೇ ಕೇಳಿದ್ದು. ನಿನ್ನದೇನು ತಪ್ಪು?" ಎಂದು ಸಮಾಧಾನ ಹೇಳಿದರು. ಮೆಕ್ಯಾನಿಕ್ ತನ್ನ ಕೆಲಸದ ಷೆಡ್ಡಿಗೆ ಬೀಗ ಹಾಕಿದವನು ಮತ್ತೆ ತೆರೆಯಲಿಲ್ಲ. ಬೀದಿಯಲ್ಲಿ ಕಾರಿನ ಸದ್ದಾದರೆ ಈಗಲೂ ಎದ್ದು ಒಳಗೆ ಹೋಗುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

"ಅಷ್ಟು ಪ್ರೀತಿಯಿದ್ದವನು ಹೇಗೆ ತಾನೆ ಇಲ್ಲವೆಂದಾನು, ಗುರುಗಳೇ? ಆ ತಮ್ಮನೇ ಮುನಿಸಿಕೊಂಡು ಮಾತು ಬಿಟ್ಟರೆ ತಾಳುವುದು ಹೇಗೆ?"

"ಒಂದು ದಿನ ತಾಳಲಾರೆ ಎಂದುಕೊಂಡವನು, ಉಳಿದ ಆಯುಷ್ಯವನ್ನೆಲ್ಲ ತಾಳುತ್ತಿದ್ದಾನಲ್ಲಪ್ಪ" ಎಂದರು ಗುರುಗಳು.