ಜಿನ್ನಪ್ಪನ ಅಂಗೈಯಗಲದ ಕ್ಯಾಮೆರಾ

"ಗುರುಗಳೇ, ಕಷ್ಟಪಡದೆ ಬಂದ ಸಂತೋಷವನ್ನು ನಂಬಬಹುದೇ?" ಎಂದು ಸದಾನಂದ ಕೇಳಿದ.

ಆಶ್ರಮಕ್ಕೆ ಸೇರಿದ ದಿನದಿಂದ ಅವನು ಬೆನ್ನು ನೇರ ಮಾಡಿ ಧ್ಯಾನಕ್ಕೆ ಕೂತವನು. ಕಾಲು ಮರಗಟ್ಟಿದರೂ ಅಲುಗುತ್ತಿರಲಿಲ್ಲ. ಮನಸ್ಸು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಈಚೆಗೆ ಹೂಗಿಡಗಳಿಗೆ ನೀರು ಹಾಕುವ ಕೆಲಸ ಅವನ ಪಾಲಿಗೆ ಬಂದಿತ್ತು. ಗಿಡದಿಂದ ಗಿಡಕ್ಕೆ ಹೋಗುವಾಗ ಮನಸ್ಸು ತಾನಾಗಿಯೇ ತಿಳಿಯಾಗುತ್ತಿತ್ತು. ಇದರಿಂದ ಅವನಿಗೆ ಹೆದರಿಕೆಯಾಗಿತ್ತು.

"ಇಷ್ಟು ಸುಲಭವಾಗಿ ಸಿಕ್ಕಿದ್ದು ನಿಜವಾದದ್ದೇ? ಅಥವಾ ನಾನು ಸೋಮಾರಿಯಾಗುತ್ತಿದ್ದೇನೆಯೇ?"

ಗುರುಗಳು ನಕ್ಕರು. "ಕುಳಿತುಕೋ. ಪೇಟೆಯ ಜಿನ್ನಪ್ಪನ ಕತೆ ಹೇಳುತ್ತೇನೆ" ಎಂದರು.

ಜಿನ್ನಪ್ಪ ಫೋಟೋ ತೆಗೆಯುವವನು. ಪೇಟೆಯಲ್ಲಿ ಅವನದೊಂದು ಸ್ಟುಡಿಯೋ ಇತ್ತು. ಆಗ ಕ್ಯಾಮೆರಾಕ್ಕೆ ರೀಲು ಹಾಕುವ ಕಾಲ. ಒಂದು ರೀಲಿನಲ್ಲಿ ಬರುವ ಚಿತ್ರಗಳೇ ಕೆಲವು. ಅವುಗಳಲ್ಲಿ ಒಂದು ಕೆಟ್ಟರೂ ಜಿನ್ನಪ್ಪನಿಗೆ ಆ ದಿನ ಊಟ ರುಚಿಸುತ್ತಿರಲಿಲ್ಲ. ಆದ್ದರಿಂದ ಬಂದವರನ್ನು ಅವನು ಸುಲಭಕ್ಕೆ ಬಿಡುತ್ತಿರಲಿಲ್ಲ. ಗದ್ದ ಸ್ವಲ್ಪ ಮೇಲೆ, ಭುಜ ಸ್ವಲ್ಪ ಕೆಳಗೆ, ಉಸಿರು ಹಿಡಿಯಿರಿ, ಅಲುಗಬೇಡಿ ಎನ್ನುತ್ತಿದ್ದ. ತಾನೂ ಉಸಿರು ಹಿಡಿಯುತ್ತಿದ್ದ. ಆಮೇಲೆ ಒತ್ತುತ್ತಿದ್ದ. ಕತ್ತಲೆ ಕೋಣೆಯಲ್ಲಿ ಚಿತ್ರ ತೊಳೆದು ಒಣಗಿಸಿ, ಸರಿಯಾಗಿದೆ ಎಂದು ಕಂಡ ಮೇಲೆಯೇ ಅವನ ಎದೆ ಹಗುರವಾಗುತ್ತಿತ್ತು. ಚಿತ್ರಗಳು ಚೆನ್ನಾಗಿರುತ್ತಿದ್ದವು. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಊರಿನ ಎಷ್ಟೋ ಮದುವೆಗಳ ಫೋಟೋ ತೆಗೆದ ಅವನ ಬಳಿ ಹೆಂಡತಿಯದು ಒಂದೇ ಫೋಟೋ ಇತ್ತು. ಮದುವೆಯಾದ ಹೊಸದರಲ್ಲಿ ಪದ್ಮಾವತಿಯನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ದೀಪಗಳ ಎದುರು ಕೂರಿಸಿದ್ದ. ಎಲ್ಲರಿಗಿಂತ ಚೆನ್ನಾಗಿ ಬರಬೇಕೆಂಬ ಆಸೆ. ಗದ್ದ ಸರಿ ಮಾಡಿದ, ಸೆರಗು ಸರಿ ಮಾಡಿದ, ಮತ್ತೆ ಗದ್ದ ಸರಿ ಮಾಡಿದ. ಕೊನೆಗೆ ಅವಳಿಗೆ ಅಳು ಬಂದಿತು. ಅಳುವ ಮುಖವೇ ಚಿತ್ರದಲ್ಲಿ ಬಂದಿತು. ಆಮೇಲೆ ಅವಳು ಕ್ಯಾಮೆರಾದ ಎದುರು ಕೂರಲಿಲ್ಲ. ಅವನು ಕ್ಯಾಮೆರಾ ಎತ್ತಿದರೆ ಒಳಗೆ ಹೋಗುತ್ತಿದ್ದಳು.

ಕಾಲ ಬದಲಾಯಿತು. ರೀಲು ಸಿಗುವುದು ನಿಂತಿತು. ಜನ ತಮ್ಮ ಫೋಟೋ ತಾವೇ ತೆಗೆದುಕೊಳ್ಳತೊಡಗಿದರು. ಜಿನ್ನಪ್ಪ ಸ್ಟುಡಿಯೋದ ಬಾಗಿಲು ಮುಚ್ಚಿ ಮನೆಯಲ್ಲಿ ಕೂತ. ಮಾತು ಕಡಿಮೆಯಾಯಿತು. ಬೆಳಗ್ಗೆ ಕೂತ ಕುರ್ಚಿಯಲ್ಲೇ ಸಂಜೆಯೂ ಇರುತ್ತಿದ್ದ. ಅವನ ಎದುರು ಊಟದ ತಟ್ಟೆ ಇಟ್ಟು ಪದ್ಮಾವತಿ ಚಿಂತೆ ಮಾಡುತ್ತಿದ್ದಳು.

ಒಮ್ಮೆ ಅವರ ಮಗಳು ಮನೆಗೆ ಬಂದಳು. ಅಪ್ಪನಿಗೆಂದು ಅಂಗೈಯಗಲದ ಒಂದು ಡಿಜಿಟಲ್ ಕ್ಯಾಮೆರಾ ತಂದಿದ್ದಳು. ಜಿನ್ನಪ್ಪ ಅದನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದ.

"ಇದು ಕ್ಯಾಮೆರಾವೋ ಸೋಪಿನ ಡಬ್ಬಿಯೋ?"

"ಒತ್ತಿ ನೋಡಿ ಅಪ್ಪ. ಅಷ್ಟೇ ಮಾಡಬೇಕಾದದ್ದು" ಎಂದು ಮಗಳು ಹೇಳಿದಳು. ಅವನು ಒತ್ತಲಿಲ್ಲ. ಅಷ್ಟೇ ಮಾಡಬೇಕಾದದ್ದು ಎಂಬ ಮಾತೇ ಅವನಿಗೆ ಹಿಡಿಸಲಿಲ್ಲ.

ಮಗಳು ಹೊರಟುಹೋದಳು. ಕ್ಯಾಮೆರಾ ಮೇಜಿನ ಮೇಲೆ ಉಳಿಯಿತು. ಕೆಲವು ದಿನ ಅವನು ಅದರತ್ತ ನೋಡದೆ ಓಡಾಡಿದ. ಆಮೇಲೆ ಒಂದು ಬೆಳಗ್ಗೆ ಅದನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿಕೊಂಡು, ಯಾರೂ ನೋಡದ ಹಾಗೆ ಹಿತ್ತಲಿಗೆ ಹೋದ. ಅಭ್ಯಾಸದಂತೆ ಕಣ್ಣಿಗೆ ಹಿಡಿದ. ಮೂಗು ಪರದೆಗೆ ತಾಗಿತು. ತಿರುಗಿಸಿ ಮುರುಗಿಸಿ ನೋಡುವಾಗ ಎಲ್ಲೋ ಬೆರಳು ಒತ್ತಿತು. ಪರದೆಯಲ್ಲಿ ಅವನದೇ ಕಾಲಿನ ಹೆಬ್ಬೆರಳು ಬಂದಿತು.

ಒಂದು ಚಿತ್ರ ಹಾಳಾಯಿತಲ್ಲ ಎಂದುಕೊಂಡ. ಮರುಕ್ಷಣ, ಏನೂ ಹಾಳಾಗಿಲ್ಲ ಎಂದು ಹೊಳೆಯಿತು. ಅವನು ಸುತ್ತ ನೋಡಿದ. ಇನ್ನೊಮ್ಮೆ ಬೇಕೆಂದೇ ಹೆಬ್ಬೆರಳಿನ ಚಿತ್ರ ತೆಗೆದ. ಅನಂತರ ದಾಸವಾಳದ್ದು ತೆಗೆದ. ನಲ್ಲಿಯ ತುದಿಯ ಹನಿಯದು ತೆಗೆದ. ಪ್ರತಿ ಸಲವೂ ರೀಲು ಮುಂದೆ ಸರಿಸುವ ಗುಂಡಿಯನ್ನು ಅವನ ಬೆರಳು ಹುಡುಕುತ್ತಿತ್ತು. ಅದು ಇಲ್ಲದ್ದು ಕಂಡು ಅವನಿಗೇ ನಗು ಬರುತ್ತಿತ್ತು. ಒಳಗಿನಿಂದ ಪದ್ಮಾವತಿ ತಿಂಡಿಗೆ ಕರೆದಳು. ಅವನಿಗೆ ಕೇಳಿಸಲಿಲ್ಲ. ಅವಳು ಎದ್ದು ಬಂದು ನೋಡಿ, ಹಿಂದೆ ಹೋಗಿ ತಟ್ಟೆಗೆ ಮುಚ್ಚಳ ಮುಚ್ಚಿದಳು.

ಆ ವಾರವೇ ಪದ್ಮಾವತಿ ಅಂಗಳದಲ್ಲಿ ಹಪ್ಪಳ ಒಣಗಿಸಿದ್ದಳು. ಕಾಗೆ ಒಂದು ಹಪ್ಪಳ ಕಚ್ಚಿಕೊಂಡಿತು. ಅವಳು ಸೀರೆ ಸಿಕ್ಕಿಸಿ ಕೋಲು ಹಿಡಿದು ಅದರ ಹಿಂದೆ ಓಡಿದಳು. ಜಿನ್ನಪ್ಪ ಜಗಲಿಯಲ್ಲಿದ್ದ. ಗದ್ದ ಭುಜ ಯಾವುದೂ ನೆನಪಾಗಲಿಲ್ಲ. ಒತ್ತಿಬಿಟ್ಟ.

ಪದ್ಮಾವತಿ ನಿಂತಳು. "ಏನ್ರೀ, ನನ್ನದು ತೆಗೆದಿರಾ? ಮೊದಲು ಅಳಿಸಿ ಅದನ್ನು."

"ನಿನ್ನನ್ನು ಒಮ್ಮೆ ಅಳಿಸಿದ್ದು ಸಾಲದೇ? ಇನ್ನು ಅಳಿಸುವುದಿಲ್ಲ. ಬಾ, ನೋಡು."

ಅವಳು ಬಿಸಿಲಿಗೆ ಸೆರಗು ಅಡ್ಡ ಹಿಡಿದು ಪರದೆ ನೋಡಿದಳು. ಕೋಲು ಮೇಲೆ, ಸೀರೆ ಮೊಣಕಾಲಿಗೆ, ಬಾಯಿ ಪೂರ್ತಿ ತೆರೆದಿದೆ. ಮೇಲೆ ಕಾಗೆ ಹಪ್ಪಳ ಕಚ್ಚಿಕೊಂಡು ಹಾರುತ್ತಿದೆ.

"ಇದು ನಾನಾ?"

"ನೀನೇ."

"ನನಗಿಂತ ಕಾಗೆಯೇ ಚೆನ್ನಾಗಿ ಬಂದಿದೆ" ಎಂದು ಅವಳು ನಗತೊಡಗಿದಳು. ನಕ್ಕು ನಕ್ಕು ಜಗಲಿಯ ಮೇಲೆ ಕೂತುಬಿಟ್ಟಳು. ಜಿನ್ನಪ್ಪ ಆ ನಗುವನ್ನೂ ತೆಗೆದ. ತಾನೂ ನಗುತ್ತಿದ್ದುದರಿಂದ ಕೈ ಅಲುಗಿ ಚಿತ್ರ ಮಸುಕಾಯಿತು. ಸ್ಟುಡಿಯೋದಲ್ಲಾಗಿದ್ದರೆ ಅಂಥ ಚಿತ್ರವನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಈಗ ಬಂದವರಿಗೆಲ್ಲ ಅದನ್ನೇ ಮೊದಲು ತೋರಿಸಿದ. ಆಮೇಲೆ ಪದ್ಮಾವತಿ ಕ್ಯಾಮೆರಾ ಕಿತ್ತುಕೊಂಡು ಅವನ ಫೋಟೋ ತೆಗೆದಳು. ಅದರಲ್ಲಿ ಅವನ ತಲೆಯೇ ಇರಲಿಲ್ಲ. ಅದಕ್ಕೂ ಇಬ್ಬರೂ ನಕ್ಕರು.

ಕೆಲವು ದಿನ ಕಳೆದ ಮೇಲೆ ಅವನ ಹಳೆಯ ಗೆಳೆಯ ದೇಜಪ್ಪ ಬಂದ. ಅವನೂ ರೀಲಿನ ಕಾಲದ ಫೋಟೋಗ್ರಾಫರ್. ಗೇಟು ತೆಗೆದು ನೋಡುತ್ತಾನೆ, ಜಿನ್ನಪ್ಪ ಅಂಗಳದಲ್ಲಿ ಬೋರಲು ಮಲಗಿದ್ದಾನೆ.

"ಅಯ್ಯೋ, ಬಿದ್ದೆಯಾ?" ಎಂದು ದೇಜಪ್ಪ ಓಡಿ ಬಂದ.

"ಬೀಳಲಿಲ್ಲ ಮಾರಾಯ. ಇರುವೆ ಅನ್ನದ ಅಗುಳು ಹೊತ್ತುಕೊಂಡು ಹೋಗುತ್ತಿದೆ. ನಿನ್ನ ನೆರಳು ಅದರ ಮೇಲೆ ಬಿತ್ತು, ಆಚೆ ಸರಿ."

ದೇಜಪ್ಪ ಸರಿದ. ಆದರೆ ಅವನಿಗೆ ಸಿಟ್ಟು ಬಂದಿತ್ತು. "ನಾವು ಎಷ್ಟು ಕಷ್ಟಪಟ್ಟು ಕಲಿತವರು. ಕತ್ತಲೆ ಕೋಣೆಯಲ್ಲಿ ಕಣ್ಣು ಹಾಳು ಮಾಡಿಕೊಂಡವರು. ಈ ಡಬ್ಬಿಯನ್ನು ಚಿಕ್ಕ ಮಗುವೂ ಒತ್ತುತ್ತದೆ. ನಿನಗೆ ನಾಚಿಕೆಯಾಗುವುದಿಲ್ಲವಾ?"

ಜಿನ್ನಪ್ಪ ಎದ್ದು ಎದೆಯ ಮಣ್ಣು ಕೊಡವಿಕೊಂಡ. "ಮಗುವೂ ಒತ್ತುತ್ತದೆ, ಹೌದು. ನನಗೆ ಒತ್ತಲು ಇಷ್ಟು ವರ್ಷ ಹಿಡಿಯಿತು" ಎಂದ.

ದೇಜಪ್ಪ ಬಗ್ಗಿ ಇರುವೆಯನ್ನು ನೋಡಿದ. ಆಮೇಲೆ ಕೈ ಚಾಚಿದ.

"ಕೊಡು, ನೋಡುವ."

ಕೊಟ್ಟ ಕೂಡಲೇ ಅವನೂ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದ. ಅವನ ಮೂಗೂ ಪರದೆಗೆ ತಾಗಿತು. ಒಳಗಿನಿಂದ ನೋಡುತ್ತಿದ್ದ ಪದ್ಮಾವತಿ ಇಬ್ಬರಿಗೂ ಕಾಫಿ ತಂದಳು. ಕಾಫಿ ಆರಿಹೋಯಿತು. ಗೆಳೆಯರಿಬ್ಬರೂ ಅಂಗಳದಲ್ಲಿ ಬೋರಲು ಮಲಗಿದ್ದರು.

ಗುರುಗಳು ಕತೆ ನಿಲ್ಲಿಸಿದರು.

ಸದಾನಂದ ನಕ್ಕಿದ್ದ. ಆದರೆ ಅವನ ಮನಸ್ಸಿನಲ್ಲಿದ್ದದ್ದು ಹೋಗಿರಲಿಲ್ಲ. "ಹಾಗಾದರೆ ಗುರುಗಳೇ, ಆ ಮನುಷ್ಯ ಸ್ಟುಡಿಯೋದಲ್ಲಿ ಕಷ್ಟಪಟ್ಟ ವರ್ಷಗಳೆಲ್ಲ ವ್ಯರ್ಥವಾದವೇ?" ಎಂದು ಕೇಳಿದ.

"ಅದನ್ನೇ ಕೇಳೋಣವೆಂದು ಮೊನ್ನೆ ಅವನ ಮನೆಗೆ ಹೋಗಿದ್ದೆನಪ್ಪ, ಬಿಸಿಲು ಚೆನ್ನಾಗಿ ಬಿದ್ದಿದೆಯೆಂದು ಗಂಡ ಹೆಂಡತಿ ಇಬ್ಬರೂ ಕ್ಯಾಮೆರಾ ಹಿಡಿದು ಹೊರಗೆ ಹೋಗಿಬಿಟ್ಟಿದ್ದರು" ಎಂದರು ಗುರುಗಳು.

ಸದಾನಂದ ಎದ್ದು ಹೂಗಿಡಗಳಿಗೆ ನೀರು ಹಾಕಲು ಹೋದ.