ಕೊಂಬೆಗೆ ತಗುಲಿದ ಚೆಂಡು

ಕರಾವಳಿಯ ಒಂದು ಊರಿನ ಫುಟ್‌ಬಾಲ್ ಮೈದಾನದೊಳಕ್ಕೆ ಮಾವಿನ ಮರದ ಕೊಂಬೆಯೊಂದು ಚಾಚಿಕೊಂಡಿತ್ತು. ಅದೂ ಸರಿಯಾಗಿ ಗೋಲುಕಂಬದ ಪಕ್ಕದಲ್ಲೇ. ಕಡಿಯಲು ಮರದ ಯಜಮಾನರು ಬಿಡಲಿಲ್ಲ, ಮೈದಾನ ಸರಿಸಲು ಜಾಗವಿರಲಿಲ್ಲ. ಹಾಗಾಗಿ ಊರವರೇ ಒಂದು ನಿಯಮ ಮಾಡಿಕೊಂಡಿದ್ದರು: ಚೆಂಡು ಕೊಂಬೆಗೆ ತಗುಲಿದರೂ ಆಟ ನಿಲ್ಲಬಾರದು. ಇಂಥ ನಿಯಮ ಯಾವ ಪುಸ್ತಕದಲ್ಲೂ ಇಲ್ಲ, ಹುಡುಕಲು ಹೋಗಬೇಡಿ.

ಒಮ್ಮೆ, ಹನ್ನೆರಡು ವರ್ಷದೊಳಗಿನ ಮಕ್ಕಳ ಪಂದ್ಯಾವಳಿಗೆ ಮುಂಚೆ, ಈ ನಿಯಮ ಬದಲಿಸಬೇಕೆಂದು ಸಮಿತಿ ಸಭೆ ಸೇರಿತು. ಎರಡು ಗಂಟೆ ಚರ್ಚಿಸಿ, ಗೋಳಿಬಜೆ ತಿಂದು, ಏನೂ ತೀರ್ಮಾನಿಸದೆ ಎದ್ದರು. ಸಮಿತಿಗಳಲ್ಲಿ ಕೂತವರಿಗೆ ಇದೇನೂ ಹೊಸದಲ್ಲ. ಕಾರ್ಯದರ್ಶಿಗಳು ಮಾತ್ರ ಎಲ್ಲರಿಗೂ ವಾಟ್ಸಾಪ್ ಕಳಿಸಿಬಿಟ್ಟರು: ಕೊಂಬೆಯ ವಿಚಾರ ಸಭೆಯಲ್ಲಿ ಮಾತಾಡಿದಂತೆ.

ರೆಫ್ರಿ ಲಿಗೋರಿ ಮಾಸ್ಟರಿಗೆ ಅದು ಅರ್ಥವಾಗಲಿಲ್ಲ. ಒಂದು ಫೋನ್ ಮಾಡಿ ಕೇಳಬಹುದಿತ್ತು. ಆದರೆ ಇಪ್ಪತ್ತೆರಡು ವರ್ಷ ಸೀಟಿ ಊದಿದವರು ಈಗ ನಿಯಮ ಕೇಳಿದರೆ ನಾಲ್ಕು ಜನ ಏನೆಂದುಕೊಂಡಾರು? ಫೈನಲಿನ ದಿನ ಲೈನ್ಸ್‌ಮನ್ ಉಮೇಶ ಕೊಂಬೆಯದ್ದು ಏನು ಮಾಡುವುದೆಂದು ಕೇಳಿದಾಗಲೂ, "ತಗುಲಿದಾಗ ನೋಡುವ ಮಾರಾಯ" ಎಂದು ನಕ್ಕರು.

ತಗುಲಿತು. ಬಂದರಿನ ತಂಡಕ್ಕೂ ಹಂಚಿನ ಕಾರ್ಖಾನೆಯ ತಂಡಕ್ಕೂ ಪಂದ್ಯ. ಗೆದ್ದವರು ಜಿಲ್ಲಾ ಪಂದ್ಯಾವಳಿಗೆ ಹೋಗುತ್ತಾರೆ. ಕೊನೆಯ ನಿಮಿಷದವರೆಗೂ ಗೋಲಿಲ್ಲ. ಆಗ ಮೇಲೆ ಹಾರಿದ ಚೆಂಡು ಕೊಂಬೆಗೆ ಬಡಿದು ಕಾರ್ಖಾನೆ ತಂಡದ ಸುಚೇತಾಳ ಕಾಲಬುಡಕ್ಕೇ ಬಿತ್ತು. ಅವಳು ಒಂದೇ ಏಟಿಗೆ ಗೋಲಿನೊಳಗೆ ಒದ್ದಳು. ಬಂದರಿನ ಗೋಲ್‌ಕೀಪರ್ ಶಮೀರ್ ಕೈ ಮೇಲೆತ್ತಿ ಸುಮ್ಮನೆ ನಿಂತಿದ್ದ.

ಯಾಕೆ ಹಿಡಿಯಲಿಲ್ಲವೆಂದು ಮಾಸ್ಟರು ಕೇಳಿದರು. ಈ ಸಲ ಕೊಂಬೆಗೆ ತಗುಲಿದರೆ ಆಟ ನಿಲ್ಲುತ್ತದೆ ಎಂದು ಕೋಚ್ ಹೇಳಿದ್ದಾರೆ ಎಂದ ಶಮೀರ್. ಹಳೆಯ ನಿಯಮವೇ ಇದೆ ಎಂದು ತಮ್ಮ ಕೋಚ್ ಹೇಳಿದ್ದಾರೆ ಎಂದಳು ಸುಚೇತಾ. ಇಬ್ಬರ ಮುಖದಲ್ಲೂ ಸುಳ್ಳಿರಲಿಲ್ಲ.

ಮಾಸ್ಟರು ಎರಡೂ ತಂಡಗಳನ್ನು ಮೈದಾನದ ನಡುವೆ ಕರೆದರು. ಆಟಕ್ಕೆ ಮುಂಚೆ ಕೇಳಿ ತಿಳಿಸಬೇಕಾದದ್ದು ತನ್ನ ಕೆಲಸ, ಮಾಡಲಿಲ್ಲ, ತಪ್ಪು ತನ್ನದೇ ಎಂದರು. ನಿಯಮ ತಿಳಿಯದೆ ನಿಂತವನ ಮೇಲೆ ಗೋಲು ಕೊಡಲಾರೆ, ಇನ್ನು ಮುಂದೆ ಕೊಂಬೆಗೆ ತಗುಲಿದರೆ ಆಟ ನಿಲ್ಲುತ್ತದೆ ಎಂದೂ ಹೇಳಿದರು.

ಸುಚೇತಾ ಅಲುಗಾಡಲಿಲ್ಲ. "ತಪ್ಪು ನಿಮ್ಮದು ಸರ್, ಗೋಲು ಹೋಗುವುದು ನನ್ನದಾ?"

"ಹೌದು ಮಗಾ" ಎಂದರು ಮಾಸ್ಟರು.

ಆಟ ಗೋಲಿಲ್ಲದೆ ಮುಗಿದು, ಪೆನಾಲ್ಟಿ ಒದೆತಗಳಲ್ಲಿ ಬಂದರಿನವರು ಗೆದ್ದರು. ತಪ್ಪೊಪ್ಪಿಕೊಂಡ ರೆಫ್ರಿಯ ದೊಡ್ಡ ಗುಣವನ್ನು ಸಮಿತಿಯ ಅಧ್ಯಕ್ಷರು ಮೈಕಿನಲ್ಲಿ ಹೊಗಳಿ ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಚೇತಾ ತಲೆ ತಗ್ಗಿಸಿ ಬೂಟಿನ ಲೇಸು ಬಿಚ್ಚುತ್ತಿದ್ದಳು. ಮಾಸ್ಟರು ಶಾಲು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟು, ಹೋಗಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು.

ನೀತಿ: ತಪ್ಪನ್ನು ಒಪ್ಪಿಕೊಳ್ಳುವುದು ಒಳ್ಳೆಯದೇ. ಆದರೆ ಗೊತ್ತಿಲ್ಲದ್ದನ್ನು ನಾಚಿಕೆ ಬಿಟ್ಟು ಮೊದಲೇ ಕೇಳಿಕೊಳ್ಳುವುದು ಅದಕ್ಕಿಂತ ಒಳ್ಳೆಯದು. ಏಕೆಂದರೆ ತೀರ್ಪು ಹೇಳುವವನು ಕೇಳದೆ ಬಿಟ್ಟ ಪ್ರಶ್ನೆಗೆ, ತಪ್ಪೇ ಮಾಡದವರು ಬೆಲೆ ತೆರಬೇಕಾಗುತ್ತದೆ.