ಖಾಲಿ ಬಿಡಬೇಕಿದ್ದ ಒಂದು ಗೇಣು

ಹಳೆಯ ಅಣೆಕಟ್ಟಿನ ಕೆಳಗೆ, ಹೊಳೆದಂಡೆಯ ಹೊಂಗೆಮರದಡಿ ಧರಣೇಂದ್ರಯ್ಯ ಮೇಷ್ಟ್ರು ಕೂತಿದ್ದರು. ಕಲ್ಲು ಓದುವ ವಿದ್ಯೆಯಲ್ಲಿ ಅವರದು ಎತ್ತಿದ ಕೈ. ಈಗ ಕಣ್ಣು ಮಂಜಾಗಿ, ಬೆರಳಲ್ಲೇ ಓದುತ್ತಿದ್ದರು.

ಶಿಷ್ಯೆ ಶಾಂಭವಿ ಉದ್ದನೆಯ ಮರದ ಪೆಟ್ಟಿಗೆಯೊಂದನ್ನು ತಂದು ಅವರ ಮುಂದಿಟ್ಟಳು. ಅಣೆಕಟ್ಟಿನ ಬುಡದ ಬಂಡೆಯನ್ನು ಯಂತ್ರದಿಂದ ಕೊರೆದು ತೆಗೆದ ದುಂಡು ಕಲ್ಲಿನ ತುಂಡುಗಳು ಅದರಲ್ಲಿ ಸಾಲಾಗಿದ್ದವು. ಬುಡ ಗಟ್ಟಿಯಿದೆಯೇ ಎಂದು ಅವರಿಬ್ಬರು ಹೇಳಬೇಕಿತ್ತು. ಹೊಳೆಯ ಕೆಳಗಿನ ಊರು ಆ ಮಾತಿಗೆ ಕಾದು ಕೂತಿತ್ತು.

ಈ ಕಟ್ಟೆಗೆ ಕಲ್ಲು ಕೂರಿಸಿದವರಲ್ಲಿ ಶಾಂಭವಿಯ ಅಜ್ಜನೂ ಒಬ್ಬ. ಅವನ ತೊಡೆಯ ಮೇಲೆ ಕೂತು ಇದರ ಕಥೆ ಕೇಳುತ್ತಲೇ ಬೆಳೆದವಳು. ಯಾರೂ ಇದರತ್ತ ಬೆರಳು ಮಾಡಿ ತೋರಿಸಬಾರದೆಂದು ಅವಳ ಜೀವ ಹೊಡೆದುಕೊಳ್ಳುತ್ತಿತ್ತು.

"ಸಾಲು ಎಲ್ಲೂ ಕಡಿದಿಲ್ಲ ಮೇಷ್ಟ್ರೇ. ಒಳ್ಳೇ ಬಂಡೆ."

ಆ ಬೆರಳುಗಳಿಗೆ ಸುಳ್ಳು ಹೇಳುವುದು ಸುಲಭವಲ್ಲ. ಅವಳಿಗೂ ಗೊತ್ತಿತ್ತು, ಆದರೂ ಹೇಳಿ ನೋಡಿದಳು.

ಬೆರಳು ಕಲ್ಲಿನಿಂದ ಕಲ್ಲಿಗೆ ಸರಿದು ನಡುವೆ ನಿಂತಿತು.

"ಇವೆರಡರ ಬಾಯಿ ಒಂದಕ್ಕೊಂದು ಕೂಡ್ತಿಲ್ವಲ್ಲ ಮಗಳೇ. ಮಧ್ಯೆ ಏನಿತ್ತು?"

"ಏನೂ ಇರ್ಲಿಲ್ಲ."

"ಇರ್ಲಿಲ್ವೋ, ಮೇಲೆ ಬರ್ಲಿಲ್ವೋ?"

ಅವಳು ತಲೆ ತಗ್ಗಿಸಿದಳು. "ಒಂದು ಗೇಣಿನಷ್ಟು ಬರ್ಲಿಲ್ಲ."

"ಆಗ ಕೊರೆಯೋ ಕೊಳವೆಯಿಂದ ಬಂದ ನೀರು ಯಾವ ಬಣ್ಣ?"

"ಕೆಂಪು."

"ಜೇಡಿಮಣ್ಣು. ಕೊರೆಯೋವಾಗ ತೊಳೆದು ಹೋಗಿದೆ. ಬಾರದೇ ಇದ್ದದ್ದಕ್ಕೂ ಪೆಟ್ಟಿಗೇಲಿ ಜಾಗ ಬಿಡಬೇಕು ಅಂತ ಕಲಿಸಿದ್ದೆನಲ್ಲ?"

"ಕಲಿಸಿದ್ರಿ. ಮನಸ್ಸು ಬರ್ಲಿಲ್ಲ. ಆ ಖಾಲಿ ಜಾಗ ನೋಡಿ ಅಜ್ಜನ ಕೆಲಸಾನ ಜನ ಆಡಿಕೊಳ್ತಾರೆ ಅನ್ನಿಸ್ತು. ಕಲ್ಲು ಒತ್ತಿಟ್ಟುಬಿಟ್ಟೆ." ಅವಳ ಕಣ್ಣಲ್ಲಿ ನೀರಾಡಿತು.

ಮೇಷ್ಟ್ರು ಬೈಯಲಿಲ್ಲ. ಎದ್ದು, ಕೋಲನ್ನು ಮರಕ್ಕೊರಗಿಸಿ, ತಡವುತ್ತ ಹೊಳೆಯತ್ತ ನಡೆದರು. ಅಂಚಿನ ಹಸಿ ಜೇಡಿಯ ಮೇಲೆ ಕಾಲಿಟ್ಟದ್ದೇ ಜಾರಿದರು.

ಶಾಂಭವಿ ಓಡಿಬಂದು ಗಪ್ಪನೆ ತಬ್ಬಿ ಹಿಡಿದಳು.

"ನನ್ನ ಕಾಲಲ್ಲಿ ಬಲ ಇಲ್ವೇನೋ," ಎಂದರು ಮೇಷ್ಟ್ರು.

"ಕಾಲಿಗೇನಾಗಿದೆ? ನೆಲ ಜಾರುತ್ತೆ!"

"ಹಾಗಾದ್ರೆ ಹಿಡಿದದ್ದು ಯಾಕೆ? ಬೀಳ್ತೀನಿ ಅಂತ ನಾನು ಕೂಗಲಿಲ್ವಲ್ಲ."

ಶಾಂಭವಿ ಅವರನ್ನು ಮೆಲ್ಲಗೆ ಮರದಡಿ ಕೂರಿಸಿ, ಕಾಲಿನ ಕೆಸರು ತೊಳೆದಳು. ಆಮೇಲೆ ಪೆಟ್ಟಿಗೆಯ ಮುಂದೆ ಕೂತು, ಒತ್ತಿಟ್ಟ ಕಲ್ಲುಗಳನ್ನು ಬಿಡಿಸಿ, ನಡುವೆ ಒಂದು ಗೇಣು ಜಾಗ ಬಿಟ್ಟಳು.

ಮೇಷ್ಟ್ರ ಬೆರಳು ಮತ್ತೆ ಹರಿದಾಡಿ, ಆ ಖಾಲಿಯಲ್ಲಿ ಸ್ವಲ್ಪ ಹೊತ್ತು ತಂಗಿತು.

"ಕಟ್ಟೆಯ ಬೆನ್ನಿಗೆ ಒಂದು ಆಸರೆ ಗೋಡೆ ಕಟ್ಟಿದ್ರೆ ನಿಲ್ಲುತ್ತಾ ಮೇಷ್ಟ್ರೇ?"

"ನಿಲ್ಲುತ್ತೆ."

"ಆದ್ರೆ ಊರವರ ಮುಂದೆ ಹೇಗೆ ಹೇಳ್ಲಿ? ಅಜ್ಜನ ಕಟ್ಟೆ ಅದು."

ಮೇಷ್ಟ್ರು ಅವಳ ತಲೆ ಸವರಿದರು.

"ಇಷ್ಟು ವರ್ಷ ಜಾರೋ ನೆಲದ ಮೇಲೆ ನಿಂತು ನೀರು ಹೊತ್ತಿದೆ ಮಗಳೇ, ಒಂದು ದಿನಾನೂ ಬಾಯಿಬಿಟ್ಟಿಲ್ಲ. ಅದರ ಪರವಾಗಿ ಮನೆಮಗಳು ನೀನಲ್ದೆ ಇನ್ಯಾರು ಹೇಳ್ತಾರೆ?"